ಅಪ್ಪನ ಹೆಸರಿನಲ್ಲಿದ್ದ ತೋಟ

ನನ್ನ ಅಪ್ಪ ಮೂರು ವರ್ಷ ಎಂಟು ಎಕರೆ ತೆಂಗಿನ ತೋಟದ ಮಾಲೀಕನಾಗಿದ್ದ. ಆ ಮೂರು ವರ್ಷವೂ ನಾವು ಅದೇ ತೋಟದ ಮೂಲೆಯ ಗರಿ ಗುಡಿಸಲಿನಲ್ಲೇ ಇದ್ದೆವು. ಬಿದ್ದ ಮಟ್ಟೆಯನ್ನು ಒಲೆಗೆ ಆಯ್ದುಕೊಳ್ಳುವುದಕ್ಕೂ ಅವ್ವ ಯಜಮಾನರ ಮನೆಗೆ ಹೋಗಿ ಕೇಳಿ ಬರಬೇಕಿತ್ತು. ಇದನ್ನು ಹೇಳಿದರೆ ಈಗಿನವರು ನಗುತ್ತಾರೆ. ನಗಲಿ, ನನಗಂತೂ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಮ್ಮೂರು ಕೊರಟಗೆರೆಗೂ ಮಧುಗಿರಿಗೂ ನಡುವೆ, ಜಯಮಂಗಲಿ ಹೊಳೆಯ ಸಾಲಿನಲ್ಲಿ. ಹೊಳೆಯಂಚಿನ ತೋಟಗಳೆಲ್ಲ ಒಬ್ಬರವೇ. ಅವರನ್ನು ಊರೆಲ್ಲ ಯಜಮಾನರು ಅನ್ನುತ್ತಿತ್ತು. ಅಪ್ಪ ಅವರ ತೋಟಕ್ಕೆ ನೀರು ಹಾಯಿಸುತ್ತಿದ್ದ, ಕಾವಲು ಕಾಯುತ್ತಿದ್ದ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜಮೀನಿನಿಂದ ಹೆಚ್ಚು ವರಮಾನ ಬರುವವರು ಸರ್ಕಾರಕ್ಕೆ ಹೆಚ್ಚು ತೆರಿಗೆ ಕಟ್ಟಬೇಕು ಎಂಬ ಕಾನೂನಿತ್ತು. ಇದ್ದವರಿಂದ ಒಂದಿಷ್ಟು ತೆಗೆದು ಇಲ್ಲದವರ ಶಾಲೆಗೋ ಆಸ್ಪತ್ರೆಗೋ ಹಾಕೋಣ ಎಂಬ ಒಳ್ಳೆಯ ಆಲೋಚನೆ ಬೆಂಗಳೂರಿನಲ್ಲಿ ಯಾರಿಗೋ ಬಂದಿತ್ತು. ಅದು ನಮ್ಮೂರು ತಲುಪುವ ಹೊತ್ತಿಗೆ ಯಜಮಾನರ ಜಗುಲಿ ಹತ್ತಿ, ಹೊಟ್ಟೆ ತುಂಬ ಉಂಡು ಮಲಗಿಬಿಟ್ಟಿತ್ತು.

ಯಜಮಾನರು ಮಾಡಿದ್ದು ಇಷ್ಟೇ. ತೋಟಗಳನ್ನು ಕಾಗದದ ಮೇಲೆ ಹಂಚಿದರು. ಹೆಂಡತಿಗೆ, ಗಂಡುಮಕ್ಕಳಿಗೆ, ಅಳಿಯನಿಗೆ, ಇನ್ನೂ ತೊಟ್ಟಿಲಲ್ಲಿದ್ದ ಮೊಮ್ಮಗನಿಗೆ. ಒಬ್ಬೊಬ್ಬರ ಪಾಲೂ ತೆರಿಗೆಗೆ ಸಿಗದಷ್ಟು ಸಣ್ಣದಾಗಬೇಕಿತ್ತು. ಮನೆಯ ಹೆಸರುಗಳೆಲ್ಲ ಮುಗಿದ ಮೇಲೂ ಎಂಟು ಎಕರೆ ಉಳಿಯಿತು. ಆಗ ಅಪ್ಪನನ್ನು ಕರೆಸಿದರು. ಹೆಬ್ಬೆಟ್ಟು ಒತ್ತಿಸಿಕೊಂಡು ಒಂದು ಲೋಟ ಕಾಫಿ ಕೊಟ್ಟರಂತೆ.

ಅಪ್ಪ ಮನೆಗೆ ಬಂದಾಗ ಬೆರಳಿನ ಮಸಿ ಇನ್ನೂ ಹೋಗಿರಲಿಲ್ಲ. "ಅಷ್ಟು ಜನದಾಗೆ ನನ್ನೇ ನಂಬವ್ರೆ ಕಣೆ" ಅಂದ. ಅವನ ಮುಖದಲ್ಲಿ ಹೆಮ್ಮೆಯಿತ್ತು.

"ಅಷ್ಟು ನಂಬ್ದೋರು ನಾಕು ಕಾಯಾದ್ರೂ ಕೊಡ್ಲಿಲ್ವಾ?" ಅಂದಳು ಅವ್ವ.

ನಮ್ಮ ಕಡೆ ತೋಟದಲ್ಲಿ ಕಾಯಿ ಕೆಡವುವ ದಿನ ಒಂದು ರೂಢಿಯಿತ್ತು. ಮರದಿಂದ ಬಿದ್ದ ಮೊದಲ ಕಾಯಿಯನ್ನು ಸುಲಿದು ತೋಟದ ಮಾಲೀಕರ ಕೈಗೆ ಕೊಡಬೇಕು. ಅವರು ಅದನ್ನು ತೋಟದ ಬಾಯಲ್ಲಿರುವ ಮುನಿಯಪ್ಪ ದೇವರ ಕಲ್ಲಿಗೆ ಒಡೆಯಬೇಕು. ಆಮೇಲೇ ಎರಡನೆಯ ಕಾಯಿ ಬೀಳಬೇಕು. ಕಾಗದದಲ್ಲಿ ಅಪ್ಪನ ಹೆಸರು ಬಂದ ಮೇಲೂ ಒಡೆಯುತ್ತಿದ್ದವರು ಯಜಮಾನರೇ. ಸುಲಿದು ಕೊಡುತ್ತಿದ್ದವನು ಅಪ್ಪ.

ಮೂರನೆಯ ವರ್ಷ ನಾನು ಮಿಡ್ಲ್ ಸ್ಕೂಲು ಪಾಸು ಮಾಡಿದೆ. ನಮ್ಮ ಕೇರಿಯಲ್ಲಿ ಅಷ್ಟು ಓದಿದ ಹುಡುಗಿ ನಾನೊಬ್ಬಳೇ, ಆ ಜಂಬ ನನಗೂ ಕಡಿಮೆ ಇರಲಿಲ್ಲ. ಮಧುಗಿರಿಯ ಹೈಸ್ಕೂಲಿಗೆ ಸೇರಬೇಕಿತ್ತು. ಫೀಜು ಕಟ್ಟುವ ಶಕ್ತಿ ನಮಗಿರಲಿಲ್ಲ. ಬಡವರ ಮಕ್ಕಳಿಗೆ ಫ್ರೀಶಿಪ್ ಇದೆ ಎಂದು ಮೇಷ್ಟ್ರು ಅರ್ಜಿ ಬರೆದುಕೊಟ್ಟರು. ತಂದೆಗೆ ಆಸ್ತಿಯಿಲ್ಲ ಎಂದು ಕಂದಾಯ ಇಲಾಖೆಯ ಶೇಕ್ದಾರರು ಊರಿಗೆ ಬಂದು ವಿಚಾರಿಸಿ ಬರೆದರೆ ಸಾಕು, ನಾನು ಹೈಸ್ಕೂಲಿನ ಹುಡುಗಿ.

ಅದೇ ಹೊತ್ತಿಗೆ ಯಾರೋ ಯಜಮಾನರ ಮೇಲೆ ಮೂಗರ್ಜಿ ಹಾಕಿದ್ದರು. ತೋಟಗಳು ಸುಳ್ಳು ಹೆಸರಿನಲ್ಲಿವೆ, ತೆರಿಗೆ ತಪ್ಪಿಸಿದ್ದಾರೆ ಎಂದು. ಅದನ್ನು ವಿಚಾರಿಸುವವರೂ ಅದೇ ಶೇಕ್ದಾರರು. ಎರಡು ಕಾಗದವನ್ನೂ ಒಂದೇ ದಿನ ತರುತ್ತಾರೆಂದು ಸುದ್ದಿ ಬಂತು.

ಯಜಮಾನರು ಅಪ್ಪನನ್ನು ಕರೆಸಿ ಗಿಳಿಗೆ ಕಲಿಸುವ ಹಾಗೆ ಕಲಿಸಿದರು. ನಾನು ಜಗುಲಿಯ ಕೆಳಗೆ ನಿಂತಿದ್ದೆ.

"ತೋಟ ಯಾರ್ದು ಅಂತ ಕೇಳ್ತಾರೆ. ಏನಂತೀಯಾ?"

"ತಮ್ದು ಬುದ್ಧಿ."

"ಥೂ, ಅಂಗಲ್ಲ ಕಣ್ಲಾ. ನಂದು ಅನ್ನು."

ಅವರ ಮುಂದೆ ನಿಂತು ಆ ಮಾತು ಆಡಲು ಅಪ್ಪನ ನಾಲಗೆ ಹೊರಳಲೇ ಇಲ್ಲ. ನಾಲ್ಕನೆಯ ಸಲಕ್ಕೆ "ನಂದು ಬುದ್ಧಿ" ಅಂದ. "ಬುದ್ಧಿ ಅನ್ಬ್ಯಾಡ" ಎಂದು ಅವರು ರೇಗಿದರು.

ಶೇಕ್ದಾರರು ಬರುವವರೆಗೂ ನಮ್ಮ ಗುಡಿಸಲಿನಲ್ಲಿ ಯಾರಿಗೂ ಅನ್ನ ಸೇರಲಿಲ್ಲ. "ಅವ್ಳು ಸ್ಕೂಲಿಗೆ ಓಗ್ಬೇಕೋ ಬ್ಯಾಡ್ವೋ, ನೀನೇ ಏಳು. ನಿಜ ನುಡಿಯಕೆ ನಿಂಗೇನು ರೋಗ?" ಎಂದು ಅವ್ವ ಮತ್ತೆ ಮತ್ತೆ ಕೇಳಿದಳು.

"ನಿಜ ನುಡುದ್ರೆ ಈ ಗುಡ್ಸಲು ಇರ್ತದಾ?" ಎಂದಷ್ಟೇ ಅಪ್ಪ ಹೇಳಿದ. ಅವನು ಏನು ಹೇಳುತ್ತಾನೆಂದು ನಮಗೆ ತಿಳಿಯಲಿಲ್ಲ. ಅವನು ಹೇಳದಿದ್ದರೆ ನಾನೇ ಹೇಳುವುದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಆಗ ನನಗೆ ಯಜಮಾನರಿಗಿಂತ ಅಪ್ಪನ ಮೇಲೆಯೇ ಸಿಟ್ಟಿತ್ತು.

ಶೇಕ್ದಾರರು ಬಂದ ದಿನವೇ ಕಾಯಿ ಕೆಡವುವ ದಿನವೂ ಆಗಿತ್ತು. ಶಿರಾದಿಂದ ಕಾಯಿ ವ್ಯಾಪಾರದ ಸಾಯೇಬರು ಆಗಲೇ ಗಾಡಿ ಕಟ್ಟಿಕೊಂಡು ಬಂದಿದ್ದರು, ಮುಂದೂಡುವಂತಿರಲಿಲ್ಲ. ಮರ ಹತ್ತುವವನು ಸೊಂಟಕ್ಕೆ ಮಚ್ಚು ಸಿಕ್ಕಿಸಿಕೊಂಡು ಮೇಲಿದ್ದ. ಯಜಮಾನರು ಸುಮ್ಮನೆ ಆ ಕಡೆ ಬಂದವರಂತೆ ಬಾವಿಕಟ್ಟೆಯ ಮೇಲೆ ಕೂತಿದ್ದರು. ಶೇಕ್ದಾರರು ಸೈಕಲ್ಲು ನಿಲ್ಲಿಸಿ ಮೊದಲನೆಯ ಕಾಗದ ತೆಗೆದರು.

"ಈ ತೋಟ ಯಾರದಯ್ಯಾ?"

ಅಪ್ಪ ನನ್ನ ಕಡೆ ನೋಡಿದ. ಬೆವೆತಿದ್ದ ಆ ಮುಖ ನೋಡಿ ನನಗೂ ಹೆದರಿಕೆಯಾಯಿತು. ನಾನು ಬಾಯಿ ಬಿಡಲಿಲ್ಲ.

"ನಂದೇ ಸ್ವಾಮಿ" ಅಂದ ಅಪ್ಪ.

ಅವರು ಬರೆದುಕೊಂಡು ಎರಡನೆಯ ಕಾಗದ ತೆಗೆದರು. "ಹಾಗಾದರೆ ಇದೇನು? ಆಸ್ತಿ ಇಲ್ಲ, ಮಗಳಿಗೆ ಫ್ರೀಶಿಪ್ ಕೊಡಿ ಅಂತ ಹೆಬ್ಬೆಟ್ಟು ಒತ್ತಿದೀಯಲ್ಲ. ಎಂಟು ಎಕರೆ ತೋಟ ಇಟ್ಕೊಂಡು ಬಡವರ ಪಾಲು ಕೇಳೋಕೆ ನಾಚಿಕೆ ಆಗಲ್ವೇ?" ಎಂದು ಅದರ ಮೇಲೆ ಉದ್ದಕ್ಕೆ ಗೀಟು ಎಳೆದರು. ಪೆನ್ನು ಕಾಗದದ ಮೇಲೆ ಗೀಚಿದ ಸದ್ದು ನನಗೆ ಕೇಳಿಸಿತು.

ಅಷ್ಟರಲ್ಲಿ ಮೊದಲ ಕಾಯಿ ದೊಪ್ಪೆಂದು ಬಿತ್ತು. ಅಪ್ಪ ಎತ್ತಿಕೊಂಡು ಸುಲಿದ. ಯಜಮಾನರು ಕಟ್ಟೆಯಿಂದ ಎದ್ದು ಬಂದು, ಎಷ್ಟೋ ವರ್ಷದ ರೂಢಿಯಲ್ಲಿ, ಕೈ ಚಾಚಿದರು. ಚಾಚಿದ ಮೇಲೆ ಅವರಿಗೆ ಅರಿವಾಯಿತು. ಶೇಕ್ದಾರರು ಹಳ್ಳಿಗಾಡಿನವರೇ, ರೂಢಿ ಬಲ್ಲವರು. ಬರೆಯುವುದನ್ನು ಬಿಟ್ಟು ಆ ಕೈಯನ್ನೇ ನೋಡಿದರು. ಮರದ ಮೇಲಿದ್ದವನೂ ಬಗ್ಗಿ ನೋಡುತ್ತಿದ್ದ. ಅಪ್ಪ ಕಾಯಿಯನ್ನು ಆ ಕೈಗೆ ಇಟ್ಟಿದ್ದರೆ ಮೂಗರ್ಜಿ ಅಲ್ಲೇ ನಿಜವಾಗುತ್ತಿತ್ತು.

ಅಪ್ಪ ಇಡಲಿಲ್ಲ. ಯಜಮಾನರನ್ನು ದಾಟಿಕೊಂಡು ಹೋಗಿ ಮುನಿಯಪ್ಪನ ಕಲ್ಲಿಗೆ ತಾನೇ ಒಡೆದ. ಒಂದೇ ಏಟಿಗೆ ಎರಡು ಹೋಳಾಯಿತು. ಆಮೇಲೆ ತಿರುಗಿ ವ್ಯಾಪಾರದವರಿಗೆ ಹೇಳಿದ: "ಸಾಯೇಬ್ರೇ, ಐನೂರು ಕಾಯಿ ಬ್ಯಾರೆ ಎಣಿಸ್ರಿ. ಅದು ನನ್ ಮಗಳ ಹೈಸ್ಕೂಲಿಗೆ. ದುಡ್ಡು ನನ್ ಕೈಗೇ ಕೊಡ್ರಿ, ಈಗ್ಲೇ."

ಸಾಯೇಬರು ಯಜಮಾನರ ಮುಖ ನೋಡಿದರು. ಯಜಮಾನರು ಶೇಕ್ದಾರರ ಮುಖ ನೋಡಿದರು. "ಅವನ ತೋಟ, ಅವನಿಷ್ಟ" ಎಂಬ ಮಾತು ಅವರ ಬಾಯಿಂದ ಹೇಗೋ ಹೊರಟಿತು.

"ಇದ್ದವನು ಕೊಡಬೇಕಾದ್ದೇ" ಎಂದು ಶೇಕ್ದಾರರು ಸೈಕಲ್ಲು ಹತ್ತಿದರು.

ಸೈಕಲ್ಲು ತಿರುವು ದಾಟಿತು. ಯಜಮಾನರು ಬೈಯಲಿಲ್ಲ. "ಆ ದುಡ್ಡು ಮಡಿಕ್ಕೋ. ನಾಳೆ ಒತ್ತಾರೆ ಗುಡ್ಸಲು ಖಾಲಿ ಇರ್ಬೇಕು" ಎಂದು ನಡೆದುಬಿಟ್ಟರು. ಗುಡಿಸಲು ಹೋಯಿತಲ್ಲ ಎಂದು ಅವ್ವ ಅತ್ತಳು. ಆದರೆ ಆ ದಿನ ಅಪ್ಪನನ್ನು ಒಂದು ಮಾತೂ ಅನ್ನಲಿಲ್ಲ.

ನಾವು ಮಧುಗಿರಿಗೆ ಬಂದೆವು. ಬೆಟ್ಟದ ಬುಡದಲ್ಲಿ ಒಂದು ಬಾಡಿಗೆ ಕೋಣೆ. ಅಪ್ಪ ಮಂಡಿಯಲ್ಲಿ ಮೂಟೆ ಹೊತ್ತ. ಐನೂರು ಕಾಯಿ ನನ್ನ ಮೊದಲ ವರ್ಷಕ್ಕಾಯಿತು, ಮಿಕ್ಕ ವರ್ಷಗಳು ಅವನ ಬೆನ್ನಿನ ಮೇಲೆ ಕಳೆದವು. ಯಜಮಾನರು ಆಗಲೂ ತೆರಿಗೆ ಕಟ್ಟಲಿಲ್ಲ. ತೋಟವನ್ನು ಅಪ್ಪನ ಹೆಸರಿನಿಂದ ತೆಗೆಸಿ, ಅವತ್ತು ಮರದ ಮೇಲಿದ್ದವನ ಹೆಸರಿಗೆ ಬರೆಸಿದರು. ಅವನಿಗೂ ಒಂದು ಲೋಟ ಕಾಫಿ ಸಿಕ್ಕಿರಬೇಕು.

ಎರಡು ವರ್ಷದ ಮೇಲೆ ಒಂದು ಸಂತೆಯ ದಿನ ಅವನು ನಮ್ಮ ಕೋಣೆ ಹುಡುಕಿಕೊಂಡು ಬಂದ. ಬಾಗಿಲಲ್ಲೇ ಕುಕ್ಕರಗಾಲಿನಲ್ಲಿ ಕೂತ. ಅವನ ಮಗನೂ ಆ ವರ್ಷ ಹೈಸ್ಕೂಲಿನ ಫ್ರೀಶಿಪ್ಪಿಗೆ ಅರ್ಜಿ ಹಾಕಿದ್ದನಂತೆ.

"ಅಣ್ಣಾ, ಶೇಕ್ದಾರ್ರು ಮತ್ತೆ ಬತ್ತಾರಂತೆ. ನಾನೇನ್ ಏಳ್ಲಿ?"

ಅಪ್ಪ ಆಗಷ್ಟೇ ಮಂಡಿಯಿಂದ ಬಂದಿದ್ದ. ಹೆಗಲಿನ ಟವಲು ತೆಗೆದು ಒದರಿ, ಗೋಡೆಗೆ ಒರಗಿ ಕೂತ. ಅವ್ವ ಒಲೆ ಊದುವುದನ್ನು ನಿಲ್ಲಿಸಿದ್ದಳು.

"ನಂದು ಅನ್ನು" ಅಂದ ಅಪ್ಪ. "ಅಂದ್ಮ್ಯಾಲೆ, ಕಾಯಿ ನೀನೇ ಒಡಿ."