ಎರಡು ಕೆಂಪಿಯರ ಬಾಲದ ಕೂದಲು

1998ರಲ್ಲಿ, ಏಳನೇ ತರಗತಿಯ ಅರ್ಧಕ್ಕೆ ನಾನು ಶಾಲೆ ಬಿಟ್ಟೆ. ಬೆಳಿಗ್ಗೆ ಗಣಿತದ ಮಾಸ್ತರರೂ ನಮ್ಮ ಎಮ್ಮೆಯೂ ಒಂದೇ ಹೊತ್ತಿಗೆ ನನಗಾಗಿ ಕಾಯುತ್ತಿದ್ದರು. ಎಮ್ಮೆಯ ಲೆಕ್ಕ ನನಗೆ ಬೇಗ ತಿಳಿಯಿತು. ಅಂದಿನಿಂದ ಗುಡೂರಿನಲ್ಲಿ ಹಾಲು ಹಿಂಡುತ್ತಲೇ ಇದ್ದೇನೆ. ಆಕಳ ಕೆಚ್ಚಲು ನೋಡಿ ಅದರ ಮೊಮ್ಮಗಳು ಎಷ್ಟು ಹಾಲು ಕೊಡುತ್ತಾಳೆಂದು ಹೇಳಬಲ್ಲವನು ನಾನು. ಹಾಗೆಂದು ಊರೆಲ್ಲ ಸಾರಿಕೊಂಡು ತಿರುಗಿದವನೂ ನಾನೇ.

ಎರಡು ವರ್ಷದ ಹಿಂದೆ ದನದ ಡಾಕ್ಟರರು ಮನೆಗೆ ಬಂದರು. ಬಾಲದ ಕೂದಲನ್ನು ಬೇರುಸಹಿತ ಕಿತ್ತು ಕಳಿಸಿದರೆ, ಆಕಳ ವಂಶವಾಹಿಯಲ್ಲಿ ಹಾಲಿನ ಗುರುತು ಎಷ್ಟಿದೆಯೆಂದು ಪ್ರಯೋಗಾಲಯದವರು ಹೇಳುತ್ತಾರಂತೆ. ಅದೂ ಕರು ಹಾಕುವ ಮೊದಲೇ.

"ಹಂಗಾದ್ರ ನಾ ಯಾಕ ಬೇಕ್ರಿ?" ಎಂದೆ.

"ಸಗಣಿ ಬಳ್ಯಾಕ," ಎಂದಳು ಒಳಗಿನಿಂದ ಹೆಂಡತಿ.

ಆಗ ಮೇವು ಸಾಲದೆ ಒಂದು ದನ ಮಾರಬೇಕಾಗಿತ್ತು. ತಾಯಿ ಆಕಳನ್ನು ಇಟ್ಟುಕೊಂಡು, ಎಲುಬು ಎಣಿಸಬಹುದಾಗಿದ್ದ, ಇನ್ನೂ ಕರು ಹಾಕದ ಅದರ ಮಗಳನ್ನು ಕೊಡುವುದೆಂದು ನಾನು ತೀರ್ಮಾನಿಸಿದ್ದೆ. ಹೆಂಡತಿ ಅದನ್ನು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವಳು, ಒಪ್ಪಲಿಲ್ಲ. ಪ್ರಯೋಗಾಲಯವೇ ಹೇಳಲಿ ಎಂದು ಎರಡರ ಕೂದಲನ್ನೂ ಕಿತ್ತು, ಬೇರೆ ಬೇರೆ ಲಕೋಟೆಗೆ ಹಾಕಿ ಹೆಸರು ಬರೆದೆ.

ನಮ್ಮ ಮನೆಯಲ್ಲಿ ಹೆಣ್ಣುಕರುವಿಗೆ ತಾಯಿಯ ಹೆಸರನ್ನೇ ಇಡುವುದು ರೂಢಿ. ತಾಯಿ ಕೆಂಪಿ. ಮಗಳು ಕಪ್ಪು-ಬಿಳುಪಿನ ಮಿಶ್ರತಳಿ, ಆದರೂ ಕೆಂಪಿ. ಎರಡು ಲಕೋಟೆಗಳ ಮೇಲೂ ದುಂಡಗಿನ ಅಕ್ಷರದಲ್ಲಿ 'ಕೆಂಪಿ' ಎಂದೇ ಬರೆದಿದ್ದೆ. ಕಿವಿಯ ಬಿಲ್ಲೆಯ ನಂಬರು ಬರೆಯಲು ಡಾಕ್ಟರರು ಹೇಳಿದ್ದರು. ಮನೆಯ ಹೆಣ್ಣುಮಕ್ಕಳನ್ನು ನಂಬರಿನಿಂದ ಯಾರು ಕರೆಯುತ್ತಾರೆ?

ವರದಿ ಬಂತು. ಒಬ್ಬ ಕೆಂಪಿಯಲ್ಲಿ ಹಾಲಿನ ಗುರುತು ಭರ್ತಿ, ಇನ್ನೊಬ್ಬಳಲ್ಲಿ ಸಾಧಾರಣ.

"ನಾ ಹೇಳಿದ್ದಿಲ್ಲೇನು? ಅವ್ವನೇ ಛಲೋ," ಎಂದೆ.

"ಅವ್ವ ಅಂತ ಹಾಳಿ ಮ್ಯಾಲೆ ಎಲ್ಲಿ ಬರದೈತಿ, ತೋರಸ್ರಿ."

ತೋರಿಸಲಾಗಲಿಲ್ಲ. ಅಷ್ಟರಲ್ಲಿ ಮಗಳನ್ನು ಕೊಳ್ಳಬೇಕಿದ್ದ ಕುಳಗೇರಿ ಕ್ರಾಸಿನ ಗಿರಾಕಿ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ. ಹೆಂಡತಿ ಮಗಳು-ಕೆಂಪಿಯ ಹಗ್ಗವನ್ನು ಕೈಗೆ ಸುತ್ತಿಕೊಂಡಳು.

"ಮೊದ್ಲ ಇದರ ಕೂದ್ಲ ಮತ್ತ ಕಳಸ್ರಿ. ಆಮ್ಯಾಲೆ ಬೇಕಾದ್ರ ನನ್ನೂ ಕೂಡಿಸಿ ಮಾರ್ರಿ."

ಗಿರಾಕಿ ಚಹಾ ಕುಡಿದು ಖಾಲಿ ಗಾಡಿ ಹೊಡೆದುಕೊಂಡು ಹೋದ. ನಾನು ಡಾಕ್ಟರರ ಮುಂದೆ ತಪ್ಪು ಒಪ್ಪಿಕೊಂಡೆ. ನಗು ತಡೆಯಲು ಅವರು ಬಹಳ ಕಷ್ಟಪಟ್ಟರು. ಈ ಸಲ ನಂಬರು ಬರೆದು ಕಳಿಸಿದೆ. ಭರ್ತಿ ಗುರುತು ಇದ್ದದ್ದು ಮಗಳಲ್ಲಿ.

ಈಗ ಅದು ಹೆಣ್ಣುಕರು ಹಾಕಿ, ತಾಯಿಗಿಂತ ಎರಡು ಲೀಟರ್ ಹೆಚ್ಚು ಕೊಡುತ್ತದೆ. ಹೆಂಡತಿ ಆ ಹಾಲಿನ ಬಕೆಟ್ಟನ್ನು ದಿನವೂ ನನ್ನ ಕಾಲ ಬುಡದಲ್ಲೇ ತಂದಿಡುತ್ತಾಳೆ. ತಾಯಿಯನ್ನೂ ಮಾರಲಿಲ್ಲ, ಮೇವಿಗಾಗಿ ನಾನೇ ಒಂದು ತಾಸು ಹೆಚ್ಚು ದುಡಿಯುತ್ತೇನೆ.

ಸದ್ಯಕ್ಕೆ ನನ್ನಲ್ಲಿ ಆಕಳು ಐದು, ಎಮ್ಮೆ ಒಂದು, ಕರು ಎರಡು. ಕೆಂಪಿಯರು ಮೂವರು.