ಗಂಜಿ ಹಾಕಿದ ಮಣಿಕಟ್ಟು

ಮೆಡಿಕಲ್ ಸ್ಟೋರಿನಿಂದ ತಂದ ಮಣಿಕಟ್ಟಿನ ಪಟ್ಟಿಗೆ ಹೊಸ ಹವಾಯಿ ಚಪ್ಪಲಿಯ ವಾಸನೆ. ಮೊನ್ನೆ ಅದನ್ನು ಬಲಗೈಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡು, ಬೆಳಗಿನ ಕಾಫಿ ಆರಿ ತಣ್ಣಗಾಗುವವರೆಗೂ ಕೂತಿದ್ದೆ. ಸುತ್ತಿದರೆ ಬಿಗಿ, ಬಿಚ್ಚಿದರೆ ನೋವು. ಎರಡಕ್ಕಿಂತ ಹೆಚ್ಚಾಗಿ ಅವಮಾನ.

ಅವಮಾನ ಯಾಕೆ ಎಂದು ಕೇಳುತ್ತೀರಿ. ಹೇಳುತ್ತೇನೆ, ನಗಬೇಡಿ. ನಾನು ಹೈಸ್ಕೂಲುಗಳಲ್ಲಿ ಡ್ರಿಲ್ ಟೀಚರಾಗಿ ಆಯುಷ್ಯ ಕಳೆದವಳು. ನಿವೃತ್ತಿಯಾಗಿ ಚಿತ್ರದುರ್ಗದಲ್ಲಿ ನೆಲೆನಿಂತ ಮೇಲೂ ಇನ್ನೊಬ್ಬರ ಕೈಕಾಲು ಆಡಿಸುವ ಚಟ ಹೋಗಲಿಲ್ಲ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಎಂಬ ಹೆಸರಿನಲ್ಲಿ ಸೊಸೆಯಂದಿರ ಸುದ್ದಿ ಮಾತಾಡುತ್ತಿದ್ದ ಹೆಂಗಸರನ್ನು ಹಿಡಿದು ಸಾಲಾಗಿ ನಿಲ್ಲಿಸಿದೆ. ಪುಷ್ ಅಪ್ ಎಂದಾಗ ಅವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನು ನೆಲಕ್ಕೆ ಇಳಿದು ಎದ್ದು ತೋರಿಸಿದೆ. ಎಪ್ಪತ್ತರ ಮುದುಕಿ ಇಳಿದು ಏಳುತ್ತಾಳೆ, ನಮಗೇನು ಧಾಡಿ ಎಂದುಕೊಂಡು ಅವರೂ ಇಳಿದರು. ಅಂದಿನಿಂದ ನಾನು ಮೊದಲು ಇಳಿಯುವುದು, ಅವರು ಆಮೇಲೆ ಇಳಿಯುವುದು. ಅದೇ ನಮ್ಮ ಕ್ರಮ, ನನ್ನ ಜಂಬವೂ ಅದೇ.

ಈಗ ಆ ಮಣಿಕಟ್ಟು ಕೈ ಕೊಟ್ಟಿತ್ತು. ಅಂಗೈ ಊರಿ ಭಾರ ಬಿಟ್ಟರೆ ಸಾಕು, ಮೇಲ್ಭಾಗದಲ್ಲಿ ಮುಳ್ಳು ಮುರಿದಂತಾಗಿ ಮೊಣಕೈವರೆಗೆ ಚಳುಕು. ಡಾಕ್ಟರು ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು. "ಅಮ್ಮಾ, ಒಂದು ತಿಂಗಳು ಕೈಗೆ ರೆಸ್ಟ್ ಕೊಡಿ, ಆಮೇಲೆ ಬೇಕಾದರೆ ನನಗೂ ಹೇಳಿಕೊಡಿ" ಎಂದರು. ತಲೆಯಾಡಿಸಿ ಬಂದು, ಮಾರನೇ ದಿನ ನೋವಿನ ಮಾತ್ರೆ ನುಂಗಿ ಪಾರ್ಕಿಗೆ ಹೋಗಿ ಇಳಿದೆ. ಇಳಿದವಳು ಏಳಲಿಲ್ಲ. ಮೊಣಕಾಲೂರಿ ಕೂತುಕೊಂಡು, "ಇಲ್ಲಿ ನೆಲ ಸಮ ಇಲ್ಲ ಕಣ್ರೀ" ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆ ಅಲ್ಲಿದ್ದ ಎಲ್ಲರಿಗೂ ನೆನಪಾಗಿರಬೇಕು. ಪುಣ್ಯಾತಗಿತ್ತಿಯರು ಯಾರೂ ಬಾಯಿ ಬಿಡಲಿಲ್ಲ. ಮೊನ್ನೆಯ ದಿನ ನಾನು ಪಾರ್ಕಿಗೇ ಹೋಗದೆ, ಇನ್ನು ಇದೆಲ್ಲ ಸಾಕು ಎಂದುಕೊಂಡು, ಈ ಪಟ್ಟಿಯನ್ನು ಮೂಸುತ್ತ ಕೂತಿದ್ದೆ. ಆಗಲೇ ನನ್ನ ಕೈಗೆ ಹಿಂದೊಮ್ಮೆ ಬಿದ್ದಿದ್ದ ಇನ್ನೊಂದು ಕಟ್ಟು ನೆನಪಾದದ್ದು.

ಅದು ಶ್ರೀರಾಂಪುರದ ಮಾತು. ದೇಶಕ್ಕೆ ಸ್ವಾತಂತ್ರ್ಯ ಬಂದು ಕಾಲು ಶತಮಾನ ಕಳೆದಿತ್ತು, ನಮ್ಮ ಮನೆಗೆ ಕರೆಂಟು ಇನ್ನೂ ಬಂದಿರಲಿಲ್ಲ. ಅಪ್ಪ ನಾನು ಚಿಕ್ಕವಳಿರುವಾಗಲೇ ತೀರಿಕೊಂಡಿದ್ದರಿಂದ ಅವ್ವನೂ ನಾನೂ ದೊಡ್ಡಪ್ಪನ ಜೊತೆಗಿದ್ದೆವು. ಅವನ ಹೆಂಡತಿಯೂ ಬೇಗ ಹೋಗಿದ್ದಳು, ಮಕ್ಕಳಿರಲಿಲ್ಲ. ಒಂದಷ್ಟು ಕುರಿ, ಒಂದು ಕಂಬಳಿ ಮಗ್ಗ, ಇಷ್ಟು ಅವನ ಸಂಸಾರ. ಲೋಕದ ಯಾವ ವಿಷಯ ಬಂದರೂ ಅವನು ಅದನ್ನು ಮಗ್ಗಕ್ಕೆ ತಂದು ಕಟ್ಟುತ್ತಿದ್ದ. ಮಳೆ ತಡವಾದರೆ ನೂಲು ಸಿಕ್ಕಾಗಿದೆ ಎನ್ನುತ್ತಿದ್ದ. ಸರ್ಕಾರ ಬಿದ್ದರೆ ಎಳೆ ಕಡಿಯಿತು ಎನ್ನುತ್ತಿದ್ದ. ಹೊಗಳುವುದು ಮಾತ್ರ ಅವನಿಗೆ ಬರುತ್ತಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೂಂ, ಕುರಿಗೆ ನೀರಿಟ್ಯಾ?" ಎಂದಿದ್ದ.

ನನಗೆ ಓಡುವುದೆಂದರೆ ಪ್ರಾಣ. ಡ್ರಿಲ್ ಟೀಚರುಗಳ ತರಬೇತಿಗೆ ಹುಡುಗಿಯರನ್ನೂ ತೆಗೆದುಕೊಳ್ಳುತ್ತಾರೆ, ಚಿತ್ರದುರ್ಗದಲ್ಲಿ ಆಯ್ಕೆ ಇದೆ ಎಂದು ತಿಳಿದ ದಿನದಿಂದ ನನಗೆ ಬೇರೆ ಧ್ಯಾನವಿಲ್ಲ. ಇತ್ತ ಹಿರಿಯೂರಿನ ಮಾವ ತನ್ನ ಮಗನಿಗೆ ನನ್ನನ್ನು ಕೇಳಿ ಹೋಗಿದ್ದ. ಹುಡುಗ ಕೆಟ್ಟವನೇನಲ್ಲ. ಆದರೆ ಅವನನ್ನು ನೆನೆದರೆ ಕಾಲು ಓಡಬೇಕು ಅನ್ನುತ್ತಿರಲಿಲ್ಲ, ಕೂತುಕೊಳ್ಳಬೇಕು ಅನ್ನುತ್ತಿತ್ತು. ಅವ್ವ ಅತ್ತು ಕರೆದು ಕೊನೆಗೊಂದು ತೀರ್ಮಾನಕ್ಕೆ ಬಂದಳು: "ಒಂದ್ಸಲ ಹೋಗಿ ಬಾ. ಆದ್ರೆ ಆತು. ಆಗ್ಲಿಲ್ಲ ಅಂದ್ರೆ ತುಟಿ ಪಿಟಕ್ ಅನ್ನದಂಗೆ ಹಿರಿಯೂರಿಗೆ ಹೂಂ ಅಂದ್ಬಿಡು."

ಓಟಕ್ಕೆ ನನಗೆ ಹೆದರಿಕೆಯಿರಲಿಲ್ಲ. ಹೆದರಿಕೆ ಇದ್ದದ್ದು ದಂಡಕ್ಕೆ. ಆಗ ಪುಷ್ ಅಪ್ ಎಂಬ ಹೆಸರನ್ನು ನಾವು ಕೇಳಿರಲಿಲ್ಲ, ಗರಡಿಯ ಗಂಡಸರು ಹೊಡೆಯುವ ದಂಡವೇ ನಮಗೆ ಗೊತ್ತಿದ್ದದ್ದು. ಊರ ಮುಂದೆ ಹುಡುಗಿ ದಂಡ ಹೊಡೆದರೆ ಮೂರು ಕೇರಿಗೆ ಸುದ್ದಿಯಾಗುತ್ತದೆ. ಆದ್ದರಿಂದ ನಸುಕಿನಲ್ಲಿ ಎದ್ದು ಕುರಿ ರೊಪ್ಪದೊಳಗೆ ಬೇಲಿಯ ಮರೆಯಲ್ಲಿ ಹೊಡೆಯುತ್ತಿದ್ದೆ. ಕುರಿಗಳು ಮೆಲುಕು ಹಾಕುತ್ತ ನೋಡುತ್ತಿದ್ದವು. ಅಭ್ಯಾಸವಿಲ್ಲದ ಕೈ, ಕಲ್ಲು ನೆಲ. ಕೆಲವೇ ದಿನಕ್ಕೆ ಮಣಿಕಟ್ಟು ನೋಯಲು ಶುರುವಾಯಿತು. ಹಲ್ಲು ಕಚ್ಚಿ ಮುಂದುವರಿಸಿದೆ.

ನಾನು ಮರೆತಿದ್ದ ಒಂದು ವಿಷಯವೆಂದರೆ ರೊಪ್ಪದಲ್ಲಿ ಒಂದು ಟಗರಿತ್ತು. ಎದುರಿಗೆ ಯಾರಾದರೂ ತಲೆ ತಗ್ಗಿಸಿ ಮುಂದೆ ನುಗ್ಗಿ ಹಿಂದೆ ಸರಿದರೆ ಟಗರಿನ ಭಾಷೆಯಲ್ಲಿ ಅದಕ್ಕೆ ಒಂದೇ ಅರ್ಥ: ಬಾ, ಗುದ್ದಾಡೋಣ. ಅದು ಬಹಳ ದಿನ ತಾಳಿಕೊಂಡಿತ್ತು, ಅದರ ಸಹನೆಯನ್ನು ಮೆಚ್ಚಬೇಕು. ಆಯ್ಕೆಗೆ ಒಂದು ವಾರವಿದೆ ಎನ್ನುವಾಗ, ನಾನು ಕೆಳಗಿಳಿದ ಹೊತ್ತು ನೋಡಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ಓಡಿ ಬಂದು ನನ್ನ ಭುಜಕ್ಕೆ ಗುದ್ದಿತು. ಬಲಗೈ ಮಡಚಿಕೊಂಡು ಅದರ ಮೇಲೆಯೇ ಬಿದ್ದೆ.

ಮಣಿಕಟ್ಟು ಬದನೆಕಾಯಿಯಂತೆ ಊದಿತು. ದೊಡ್ಡಪ್ಪ ಮಗ್ಗದಿಂದ ಎದ್ದು ಬಂದು ಬೆರಳುಗಳನ್ನು ಒಂದೊಂದಾಗಿ ಆಡಿಸಿ ನೋಡಿದ. "ಮೂಳೆ ಮುರಿದಿಲ್ಲ, ಉಳುಕೈತೆ. ವಾರ ಸುಮ್ನಿರು."

"ವಾರ ಸುಮ್ನಿದ್ರೆ ಆಯ್ಕೆ ಮುಗ್ದೋಗುತ್ತೆ! ನಾಳೆಯಿಂದ ನಿಧಾನಕ್ಕೆ ಹೊಡಿತೀನಿ."

ಕಂಬಳಿ ನೂಲಿಗೆ ಹಚ್ಚಲು ಹುಣಸೆ ಬೀಜದ ಗಂಜಿ ಒಲೆಯ ಮೇಲೆ ಕುದಿಯುತ್ತಿತ್ತು. ಆ ಗಂಜಿ ಕುಡಿದು ಒಣಗಿದ ಕಂಬಳಿ ಹಲಗೆಯಂತೆ ಸೆಟೆದು ನಿಲ್ಲುತ್ತದೆ, ಮಳೆ ನೀರನ್ನೂ ಒಳಗೆ ಬಿಡುವುದಿಲ್ಲ. ದೊಡ್ಡಪ್ಪ ಹಳೇ ಕಂಬಳಿಯ ಒಂದು ಪಟ್ಟಿ ಹರಿದು ಅದರಲ್ಲಿ ಅದ್ದಿ, ಆರಿಸಿ, ನನ್ನ ಮಣಿಕಟ್ಟಿಗೆ ಸುತ್ತತೊಡಗಿದ. ಅವ್ವ ಬಾಯಿ ಬಡಿದುಕೊಂಡಳು. "ಬಾವ, ಅದು ಹುಡುಗಿ ಕೈ ಕಣ್ರಿ, ಕಂಬಳಿ ಅಲ್ಲ!"

"ಕಂಬಳಿಗೆ ಬರೋ ಗಟ್ಟಿತನ ಕೈಗೆ ಬರಲ್ವಾ? ನೋಡ್ತಿರು. ಗಂಜಿ ಹಚ್ಚಿದ ನೂಲು ಒಣಗೋ ತಂಕ ಯಾರೂ ಮುಟ್ಟಾಂಗಿಲ್ಲ."

ಆ ಉಣ್ಣೆಯ ತುರಿಕೆ, ಆ ಹುಳಿವಾಸನೆ! ಇರುವೆಗಳು ನನ್ನನ್ನು ತಿಂಡಿಯೆಂದೇ ತಿಳಿದವು. ಎರಡು ಬಿಸಿಲಿಗೆ ಕಟ್ಟು ಕಲ್ಲಾಯಿತು. ಬೆರಳು ಆಡುತ್ತಿದ್ದವು, ಮಣಿಕಟ್ಟು ಮಾತ್ರ ಯಾವ ದಿಕ್ಕಿಗೂ ಬಗ್ಗದು. ಇನ್ನು ದಂಡ ಎಲ್ಲಿಯದು? ದಿನವಿಡೀ ದೊಡ್ಡಪ್ಪನನ್ನು ಮನಸ್ಸಿನಲ್ಲೇ ಬೈಯುತ್ತ ಕೂತಿದ್ದೆ. ಆಯ್ಕೆಯ ಹಿಂದಿನ ಸಂಜೆ ಅವನು ಬಿಸಿನೀರು ತಂದು ಬಿಚ್ಚಲು ಕೂತ. ಬಿಚ್ಚಲಿಲ್ಲ. ಕುಡುಗೋಲಿನಿಂದ ಗೀರಿದ, ಜಗ್ಗಲಿಲ್ಲ. ಅವನ ಮುಖದಲ್ಲಿ ಮೊದಲ ಬಾರಿಗೆ ಗಾಬರಿ ಕಂಡೆ. "ಗಂಜಿ ಒಸಿ ಜಾಸ್ತಿ ಕುಡಿದೈತೆ" ಎಂದು ಗೊಣಗಿದ.

ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಹೊರಟೆವು. ಚಿತ್ರದುರ್ಗದ ಆ ಮೈದಾನದಲ್ಲಿ ಓಟ ಮುಗಿದಾಗ ನಾನೇ ಮುಂದಿದ್ದೆ. ಆಮೇಲೆ ದಂಡದ ಸರದಿ. ಪರೀಕ್ಷೆಗೆ ಬಂದಿದ್ದ ಮೇಷ್ಟ್ರು, "ಅಂಗೈ ನೆಲಕ್ಕೆ ಊರಮ್ಮಾ" ಎಂದರು.

"ಊರಾಕೆ ಬರಲ್ಲ ಸಾರ್."

ಅವರು ಬಗ್ಗಿ ಕಟ್ಟಿನ ಮೇಲೆ ಬೆರಳಿನಿಂದ ತಟ್ಟಿದರು. ಟಕ್ ಟಕ್ ಎಂದಿತು. "ಏನಿದು, ಮರ ಕಟ್ಟಿಕೊಂಡಿದ್ದೀಯಾ?"

"ಕಂಬಳಿ ಸಾರ್."

ಸಾಲಿನಲ್ಲಿದ್ದ ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಬೇಲಿಯಾಚೆಯಿಂದ ದೊಡ್ಡಪ್ಪ, "ಸ್ವಾಮೇರಾ, ತಪ್ಪು ನಂದ್ರೀ! ಅವಳಿಗೆ ಏನೂ ಅನ್ಬ್ಯಾಡ್ರಿ!" ಎಂದು ಕೂಗಿದ. ಅವನು ಯಾರೆದುರಿಗಾದರೂ ತಪ್ಪು ನಂದು ಎಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಕಣ್ಣ ಮುಂದೆ ಹಿರಿಯೂರು ಸುಳಿಯಿತು. ಎರಡೂ ಕೈ ಮುಷ್ಟಿ ಮಾಡಿ ಗುದ್ದುವವಳಂತೆ ನೆಲಕ್ಕೆ ಊರಿದೆ, ಕಾಲು ಹಿಂದಕ್ಕೆ ಚಾಚಿ ಇಳಿದೆ, ಎದ್ದೆ.

ನೋವಿರಲಿಲ್ಲ. ಬೆರಳ ಗಿಣ್ಣಿಗೆ ಕಲ್ಲು ಒತ್ತುತ್ತಿತ್ತು, ಚರ್ಮ ಸುಲಿಯುತ್ತಿತ್ತು, ಆದರೆ ಬಗ್ಗದ ಮಣಿಕಟ್ಟಿನೊಳಗೆ ಸದ್ದಿಲ್ಲ. ಅವರು ಸಾಕು ಎನ್ನುವವರೆಗೂ ಹೊಡೆದೆ.

ಮೇಷ್ಟ್ರು ತಲೆ ಕೆರೆದುಕೊಂಡರು. "ಅಂಗೈ ಅಂತ ನಿಯಮ ಇದೆಯಲ್ಲ. ಇದನ್ನು ಲೆಕ್ಕಕ್ಕೆ ಹಿಡಿಯೋದು ಹೇಗೆ?" ಅವರ ಪಕ್ಕದಲ್ಲಿದ್ದ ಟೀಚರಮ್ಮ, "ಮುಷ್ಟಿಯಲ್ಲಿ ಹೊಡೆಯೋದು ಸುಲಭ ಅಂತೀರಾ ಸಾರ್? ನೀವೊಂದೆರಡು ಹೊಡೆದು ನೋಡಿ" ಎಂದರು. ಮೇಷ್ಟ್ರು ಪ್ಯಾಂಟ್ ಏರಿಸಿಕೊಂಡು ಜಲ್ಲಿ ನೆಲಕ್ಕೆ ಇಳಿದೇ ಬಿಟ್ಟರು. ಒಂದು ಹೊಡೆದು ಎದ್ದು, ಗಿಣ್ಣಿಗೆ ಉಫ್ ಎಂದು ಊದಿಕೊಂಡು, "ಹೋಗಮ್ಮಾ, ನೀನು ಆಯ್ಕೆ" ಎಂದರು.

ವಾಪಸು ಬರುವಾಗ ಹೊಳಲ್ಕೆರೆಯಲ್ಲಿ ಬಸ್ಸು ನಿಂತಿತು, ಟೀ ಕುಡಿಯಲು ಇಳಿದೆವು. ದೊಡ್ಡಪ್ಪ ಲೋಟವನ್ನು ಬಲಗೈಯಲ್ಲಿ ಹಿಡಿದವನು ಎತ್ತಲಾರದೆ ಎಡಗೈಗೆ ಬದಲಾಯಿಸಿದ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಅದನ್ನು ನೋಡಿದ್ದು ಅಂದೇ. ಅವನ ಮಣಿಕಟ್ಟು ಸೊಟ್ಟಗೆ ಗಂಟು ಕಟ್ಟಿತ್ತು.

"ದೊಡ್ಡಪ್ಪ, ನಿನಗೂ ಕೈ ನೋಯುತ್ತಾ?"

"ಮಗ್ಗದೋರಿಗೆ ಯಾರಿಗೆ ನೋಯಲ್ಲ?"

"ಮತ್ತೆ ನೀನೂ ಗಂಜಿ ಕಟ್ಟು ಹಾಕ್ಕಬಾರ್ದಾ?"

ಅವನು ನಕ್ಕ. "ಗಂಜೀಲಿ ಏನೈತೆ ಮಣ್ಣು. ಸುಮ್ನಿರು ಅಂದ್ರೆ ನೀನು ಇರ್ತಿದ್ಯಾ? ಅದಕ್ಕೇ ಕಟ್ಟಿದ್ದು. ನಿನ್ ಕೈಗೆ ಒಸಿ ಬಿಡುವು ಬೇಕಾಗಿತ್ತು." ಟೀ ಊದಿ ಒಂದು ಗುಟುಕು ಕುಡಿದ. "ನಂದು ಸುಮ್ನಿದ್ರೆ ಒಲೆ ಉರಿಯಲ್ಲವ್ವ. ಏಳು, ಬಸ್ಸು ಹೊರಡ್ತೈತೆ, ಹೋಗಾಣ."

ಆ ಕಟ್ಟು ಬಿಚ್ಚಲು ಅವ್ವನಿಗೆ ಎರಡು ದಿನ ಹಿಡಿಯಿತು. ನಾನು ತರಬೇತಿಗೆ ಹೋದೆ, ಕೆಲಸ ಸಿಕ್ಕಿತು. ಮೊದಲ ಸಂಬಳ ಬಂದ ಮೇಲೆ ಮಗ್ಗ ಬಿಡು ಎಂದು ಅವನನ್ನು ಬೇಡಿಕೊಂಡೆ. ಬಿಡಲಿಲ್ಲ, ನಿಧಾನ ಮಾಡಿದ ಅಷ್ಟೆ. ಬೆಳಿಗ್ಗೆ ಬಿಸಿಲಿಗೆ ಕಟ್ಟೆಯ ಮೇಲೆ ಕೂತು ಎರಡೂ ಕೈಯನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಳ್ಳುವುದನ್ನು ಕೊನೆಕೊನೆಗೆ ಕಲಿತಿದ್ದ. ಹಾಗೆ ಕೂತಿದ್ದ ಅವನನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ತುಂಬುತ್ತಿತ್ತು.

ಇದನ್ನೆಲ್ಲ ನೆನೆದ ಮೇಲೆ ನನ್ನ ಅವಮಾನ ನನಗೇ ಚಿಲ್ಲರೆಯಾಗಿ ಕಂಡಿತು. ಕೈಗೆ ಬಿಡುವು ಕೊಡುವುದು ಸೋಲು ಎಂದು ನಾನು ತಿಳಿದಿದ್ದೆ. ನನ್ನ ಕೈ ಒಂದು ತಿಂಗಳು ಸುಮ್ಮನಿದ್ದರೂ ನನ್ನ ಒಲೆ ಉರಿಯುತ್ತದೆ. ದೊಡ್ಡಪ್ಪನಿಗೆ ಆಯುಷ್ಯವಿಡೀ ಸಿಗದ ಭಾಗ್ಯ ಅದು. ನನಗೆ ಸಿಗುವಂತೆ ಮಾಡಿದವನೇ ಅವನು. ಅದನ್ನು ಮಾತ್ರೆ ನುಂಗಿ ಕಳೆದುಕೊಳ್ಳಲು ಹೊರಟಿದ್ದೆನಲ್ಲ ಎನಿಸಿ ಒಬ್ಬಳೇ ಕೂತು ಅತ್ತೆ.

ಇವತ್ತು ಬೆಳಿಗ್ಗೆ ಪಾರ್ಕಿಗೆ ಹೋದೆ. "ಇನ್ನೊಂದು ತಿಂಗಳು ನಾನು ಇಳಿಯಲ್ಲ ಕಣ್ರೀ, ಕೈ ಉಳುಕಿದೆ. ನೀವು ಇಳೀರಿ, ನಾನು ನೋಡ್ತೀನಿ" ಎಂದೆ. ಹೇಳಿದ ಮೇಲೆ ಬಹಳ ಹಗುರಾಯಿತು. ಗೌರಮ್ಮ ಎಂಬಾಕೆ ಮೆಲ್ಲಗೆ, "ಮೇಡಂ, ನನಗೂ ಮಣಿಕಟ್ಟು ನೋಯ್ತೈತ್ರಿ, ನೀವು ಬೈತೀರೇನೋ ಅಂತ ಹೇಳಿರ್ಲಿಲ್ಲ" ಎಂದಳು. ಇನ್ನಿಬ್ಬರು ತಮಗೂ ನೋವೆಂದು ಕೈ ಎತ್ತಿದರು. ಅವರನ್ನು ಗೋಡೆಗೆ ಕೈ ಊರಿಸಿ ನಿಲ್ಲಿಸಿದೆ, ಉಳಿದವರಿಗೆ ಹುಲ್ಲಿನ ಮೇಲೆ ಮುಷ್ಟಿ ಊರುವುದನ್ನು ತೋರಿಸಿದೆ. ಎಲ್ಲರೂ ಕೈ ಊರಿ, ಬೆನ್ನು ನೆಟ್ಟಗೆ ಮಾಡಿ, ನನ್ನ ಎಣಿಕೆಗೆ ಕಾದರು. ಇಷ್ಟು ದಿನ ಅವರ ಜೊತೆಯಲ್ಲೇ ನೆಲದ ಮೇಲಿರುತ್ತಿದ್ದ ನಾನು ಅವರನ್ನು ಹೀಗೆ ಒಟ್ಟಿಗೆ ನೋಡಿಯೇ ಇರಲಿಲ್ಲ. ಎಷ್ಟು ಚೆನ್ನಾಗಿ ಕಲಿತಿದ್ದಾರೆ ಇವರು! ನೋಡುತ್ತ ನಿಂತೇಬಿಟ್ಟೆ.

"ಮೇಡಂ, ಎಣಿಸ್ರೀ!" ಹುಲ್ಲಿನ ಮೇಲೆ ಮುಷ್ಟಿಯೂರಿದ್ದ ಒಬ್ಬಳು ಕೆಳಗಿನಿಂದ ಕೂಗಿದಳು. "ಎಷ್ಟೊತ್ತು ಹಿಂಗೇ ಇರಾಣ? ಜೀವ ಹೋಗ್ತೈತೆ!"

ಕಣ್ಣೊರೆಸಿಕೊಂಡು ಎಣಿಸಲು ಶುರು ಮಾಡಿದೆ.