ಬುದ್ಧಿಯವರ ಅಮ್ಮ ಹಡಗು ಹತ್ತಿದ್ದು

ಹಡಗಿನಲ್ಲಿ ಐದು ದಿನ ಏನು ಮಾಡಿದಿರಿ ಎಂದು ಕಾಲೇಜಿನಲ್ಲಿ ಎಲ್ಲರೂ ಕೇಳಿದರು. ತಿಂದೆವು, ಮಲಗಿದೆವು, ಎದ್ದು ಮತ್ತೆ ತಿಂದೆವು ಎಂದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕರು. ನಾನು ಕುಣಿಗಲ್ಲಿನಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಕಲಿಸುವವಳು, ತಮಾಷೆಗೆ ಹೆಸರಾದವಳಲ್ಲ. ನಿಜವಾಗಿಯೂ ನಾವು ಮಾಡಿದ್ದು ಅಷ್ಟೇ, ಕೊನೆಯ ಹಿಂದಿನ ದಿನದ ಮಧ್ಯಾಹ್ನವೊಂದನ್ನು ಬಿಟ್ಟರೆ.

ಅದನ್ನು ಹೇಳಬೇಕಾದರೆ ತಮ್ಮನ ವಿಷಯದಿಂದ ಶುರುಮಾಡಬೇಕು. ನನ್ನ ತಮ್ಮ ಹದಿನಾಲ್ಕನೇ ವಯಸ್ಸಿಗೆ ಮಠ ಸೇರಿದ. ಸೇರಿದ ಎನ್ನುವುದು ಸರಿಯಲ್ಲ, ಕೊಟ್ಟರು. ಕುಣಿಗಲ್ ರಸ್ತೆಯ ಒಂದು ಸಣ್ಣ ಮಠಕ್ಕೆ ಮರಿ ಬೇಕಿತ್ತು, ಅಂದರೆ ದೊಡ್ಡ ಸ್ವಾಮಿಗಳ ನಂತರ ಪೀಠಕ್ಕೆ ಕೂರುವ ಹುಡುಗ. ಸಿ.ಎಸ್. ಪುರದ ಪಕ್ಕದ ನಮ್ಮ ಮನೆತನಕ್ಕೂ ಆ ಮಠಕ್ಕೂ ಅಜ್ಜನ ಕಾಲದಿಂದ ನಡೆದುಬಂದ ನಂಟು. ಹಿರಿಯರು ಬಂದು ಕೇಳಿದರು, ಅಪ್ಪ ಹೂಂ ಅಂದರು. ಅಮ್ಮನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವಳು ಹೂಂ ಎಂದೇ ಅನ್ನುತ್ತಿದ್ದಳು. ಪಟ್ಟವಾದ ದಿನ ಅಪ್ಪ, ಅಮ್ಮ, ನಾನು ಸಾಲಾಗಿ ಹೋಗಿ ಅವನ ಕಾಲಿಗೆ ಬಿದ್ದೆವು.

ಅಂದಿನಿಂದ ಅವನ ಹುಟ್ಟುಹೆಸರು ನಮ್ಮ ಮನೆಯಲ್ಲಿ ನಿಂತುಹೋಯಿತು. ನಮ್ಮ ಕಡೆ ಸ್ವಾಮಿಗಳನ್ನು ಬುದ್ಧಿ ಎಂದು ಕರೆಯುವುದು ರೂಢಿ. ನಾವೂ ಬುದ್ಧಿ ಎಂದೇ ಕರೆದೆವು. ಅವನು ಅಮ್ಮನನ್ನು ತಾಯಿ ಎಂದ, ಮಠಕ್ಕೆ ಬರುವ ಎಲ್ಲ ಹೆಂಗಸರನ್ನೂ ಕರೆಯುವಂತೆ. ನಾನು ಎಲ್ಲಾದರೂ ಬಾಯಿತಪ್ಪಿ ‘ಅವನು’ ಎಂದರೆ ಅಪ್ಪ ಅಲ್ಲೇ ತಡೆದು ‘ಅವ್ರು ಅನ್ನು’ ಎಂದು ತಿದ್ದುತ್ತಿದ್ದರು. ಈಗ ನಾವಿರುವ ತುಮಕೂರಿನ ಶೆಟ್ಟಿಹಳ್ಳಿಯ ಮನೆಯಿಂದ ನಾನು ಕೆಲಸಕ್ಕೆ ಹೋಗುವ ಬಸ್ಸು ಆ ಮಠದ ಕಮಾನಿನ ಮುಂದೆಯೇ ಹಾದುಹೋಗುತ್ತದೆ. ಅಲ್ಲಿ ಬಂದ ತಕ್ಷಣ ಅರ್ಧ ಬಸ್ಸು ಕೈಮುಗಿಯುತ್ತದೆ. ನಾನೂ ಮುಗಿಯುತ್ತಿದ್ದೆ. ಒಳಗಿದ್ದವನು ನನ್ನ ಬಳಪ ಕದ್ದು ತಿನ್ನುತ್ತಿದ್ದ ತಮ್ಮ ಎಂಬುದು ವರ್ಷಗಳು ಕಳೆದಂತೆ ನನಗೂ ನೆನಪಾಗುವುದು ಕಡಿಮೆಯಾಯಿತು.

ಕಳೆದ ವರ್ಷ ಮಳೆಗಾಲದ ಕೊನೆಗೆ ಅವನಿಗೆ ಡೆಂಗಿ ಬಂತು. ಆರು ದಿನ ತುಮಕೂರಿನ ಆಸ್ಪತ್ರೆಯಲ್ಲಿದ್ದ. ನಲವತ್ತೊಂದಕ್ಕೆ ಹೋಗಿಬಿಟ್ಟ. ಪೇಪರಿನಲ್ಲಿ ಲಿಂಗೈಕ್ಯರಾದರು ಎಂದು ಬಂತು. ಮಠದ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೂರ್ವಾಶ್ರಮದವರು ಎಂದು ನಮಗೆ ಮೂರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು. ಕ್ರಿಯೆಯನ್ನೆಲ್ಲ ಬೇರೆ ಮಠದ ಸ್ವಾಮಿಗಳು ಮಾಡಿದರು. ಭಜನೆ ನಡೆಯುತ್ತಿತ್ತು, ಅಳುವುದಕ್ಕೆ ಅದು ಜಾಗವಲ್ಲ. ಅಮ್ಮ ಸೆರಗು ಹೊದ್ದು ಕೈಮುಗಿದುಕೊಂಡು ಕೂತಿದ್ದಳು. ನಾವು ಒಂದು ಹಿಡಿ ವಿಭೂತಿ ಹಾಕುವ ಸರದಿ ಬಂದಾಗ ಕಾರ್ಯಕರ್ತನೊಬ್ಬ ‘ಬೇಗ ಬೇಗ’ ಎಂದ. ಬೇಗ ಬೇಗ ಹಾಕಿ ಬಂದೆವು.

ಆಮೇಲೆ ನನಗೆ ಏನೂ ಅನ್ನಿಸಲಿಲ್ಲ. ಇದನ್ನು ದೊಡ್ಡ ಮಾತಾಗಿ ಹೇಳುತ್ತಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ಕೆನ್ನೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತೇವಲ್ಲ, ಹಾಗಿತ್ತು. ಪಾಠ ಮಾಡಿದೆ, ಪೇಪರ್ ತಿದ್ದಿದೆ. ನನ್ನ ಚಿಂತೆ ಅಮ್ಮನದು. ಅವಳು ಒಂದು ಹನಿ ಕಣ್ಣೀರು ಹಾಕಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದಳು, ಬಡಿಸದಿದ್ದರೆ ಕೇಳುತ್ತಿರಲಿಲ್ಲ. ರವಿಕೆಗಳೆಲ್ಲ ಸಡಿಲವಾದವು. ಡಾಕ್ಟರು ರಕ್ತ, ಸ್ಕ್ಯಾನು ಎಲ್ಲ ನೋಡಿ ಏನೂ ಇಲ್ಲ ಎಂದರು. ಇವಳು ಹೀಗೇ ಒಣಗಿ ಹೋಗುತ್ತಾಳೆ ಎಂದು ನನಗೆ ಖಾತ್ರಿಯಾಗಿತ್ತು. ಒಂದು ಸಲ ಅತ್ತುಬಿಡಲಿ, ನನ್ನ ಮಗ ಸತ್ತ ಎಂದು ಒಂದು ಸಲ ಬಾಯಿಬಿಟ್ಟು ಹೇಳಲಿ ಎಂಬುದೊಂದೇ ನನಗೆ ಬೇಕಾಗಿದ್ದದ್ದು.

ಹಡಗಿನ ಟಿಕೆಟ್ ಬಂದದ್ದು ಮಠದ ಭಕ್ತರೊಬ್ಬರಿಂದ. ತುಮಕೂರಿನಲ್ಲಿ ಟ್ರಾವೆಲ್ಸ್ ಇಟ್ಟುಕೊಂಡವರು. ಕನ್ನಡದವರದೇ ಒಂದು ಗುಂಪು ಹೊರಡಿಸುತ್ತಿದ್ದರು: ಮುಂಬೈಯಲ್ಲಿ ಹತ್ತಿ, ಲಕ್ಷದ್ವೀಪ ನೋಡಿ, ಕೊಚ್ಚಿಯಲ್ಲಿ ಇಳಿಯುವುದು. ‘ಬುದ್ಧಿಯವರ ತಂದೆ ತಾಯಿ ಸಮುದ್ರ ನೋಡಿಲ್ಲ ಅಂದ್ರೆ ನಮಗೇ ಅವಮಾನ’ ಎಂದು ಮನೆಗೇ ಬಂದು ಕೊಟ್ಟುಹೋದರು. ಅಪ್ಪ ಅದನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡರು. ಅವರಿಬ್ಬರನ್ನೇ ಕಳಿಸುವ ಹಾಗಿರಲಿಲ್ಲ, ನಾನೂ ರಜೆ ಹಾಕಿದೆ.

ಬಂದರಿನ ತಪಾಸಣೆಯಲ್ಲೇ ನಮ್ಮದೊಂದು ಗಲಾಟೆ. ಅಪ್ಪ ಲಿಂಗಪೂಜೆಗೆ ಎಂದು ಮನೆಯ ಬೋರ್‌ವೆಲ್ ನೀರನ್ನು ಐದು ಲೀಟರ್ ಕ್ಯಾನಿನಲ್ಲಿ ತುಂಬಿಸಿ ತಂದಿದ್ದರು. ಸಮುದ್ರದ ಮೇಲೆ ಉಪ್ಪುನೀರು ಬಿಟ್ಟು ಬೇರೆ ಏನು ಸಿಗುತ್ತೆ ಎಂಬುದು ಅವರ ವಾದ. ಕ್ಯಾನು ಅಲ್ಲೇ ಉಳಿಯಿತು. ಅಮ್ಮನ ವಿಭೂತಿ ಡಬ್ಬಿಯನ್ನು ಮೂವರು ಮೂಸಿ ನೋಡಿದರು. ಕೊರಳಿನ ಕರಡಿಗೆ ತೆಗೆದು ಟ್ರೇನಲ್ಲಿಡಿ ಎಂದಾಗ ಅಪ್ಪ ಎರಡೂ ಕೈಯಿಂದ ಅದನ್ನು ಮುಚ್ಚಿಕೊಂಡು ನಿಂತುಬಿಟ್ಟರು. ಒಳಗಿರುವುದು ಇಷ್ಟಲಿಂಗ, ಮೈಯಿಂದ ತೆಗೆಯುವ ಹಾಗಿಲ್ಲ ಎಂದು ನಾನು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಅಧಿಕಾರಿ ಹೆಂಗಸು ಕೈಯಲ್ಲೇ ಮುಟ್ಟಿ ನೋಡಿ ಒಳಗೆ ಬಿಟ್ಟಳು. ನಮ್ಮ ಹಿಂದೆ ಕ್ಯೂ ನಿಂತವರು ಫೋಟೋ ತೆಗೆದುಕೊಳ್ಳುತ್ತಿದ್ದರು.

ಹಡಗು ಎಂದರೆ ಒಂದು ದೊಡ್ಡ ಛತ್ರ. ಹದಿನೈದು ದಿನ ಮದುವೆ ನಡೆಯುತ್ತಿದೆ, ಆದರೆ ಹೆಣ್ಣು ಗಂಡು ಯಾರೆಂದು ಗೊತ್ತಿಲ್ಲ, ಅಂಥ ಛತ್ರ. ಎಲ್ಲೆಲ್ಲೂ ಹಾಡು, ಎಲ್ಲೆಲ್ಲೂ ಊಟ. ಬೆಳಗ್ಗೆ ಅಪ್ಪ ಅಮ್ಮ ಮಂಚದ ಮೇಲೆ ಕೂತು ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುತ್ತಿದ್ದರು. ಬಾತ್‌ರೂಮಿನ ನಲ್ಲಿಯ ನೀರೇ ಗತಿಯಾಯಿತು. ಪೂಜೆ ಮುಗಿಯುವವರೆಗೆ ಬಾಯಿಗೆ ನೀರು ಹಾಕುವವರಲ್ಲ, ಹಾಗಾಗಿ ನಾವು ತಿಂಡಿಗೆ ಹೋಗುವಷ್ಟರಲ್ಲಿ ಇಡ್ಲಿ ಆರಿರುತ್ತಿತ್ತು. ಆಮೇಲೆ ಮೂವರೂ ಡೆಕ್ಕಿನ ನೆರಳಿನ ಕಡೆ ಒರಗು ಕುರ್ಚಿಯಲ್ಲಿ ಮಲಗುತ್ತಿದ್ದೆವು. ಸಮುದ್ರ ಇತ್ತು. ಹನ್ನೊಂದಕ್ಕೆ ನೋಡಿದರೂ ಇತ್ತು, ಮೂರಕ್ಕೆ ನೋಡಿದರೂ ಅದೇ ಇತ್ತು. ಅಮ್ಮ ಮೊದಲ ದಿನ ಹತ್ತು ನಿಮಿಷ ನೋಡಿ, ‘ಇದ್ರಲ್ಲಿ ಏನೂ ಬೆಳೆಯಕ್ಕಾಗಲ್ಲ ಅಲ್ವಾ’ ಎಂದಳು. ಸಮುದ್ರದ ಬಗ್ಗೆ ಅವಳು ಆಡಿದ್ದು ಅಷ್ಟೇ. ನನಗೂ ಅದಕ್ಕಿಂತ ಹೆಚ್ಚೇನೂ ತೋಚಲಿಲ್ಲ.

ಮೂರನೆಯ ದಿನ ಬೆಳಗ್ಗೆ ತಿಂಡಿಯ ಮೇಜಿಗೆ ನಮ್ಮ ಗುಂಪಿನ ಹಾಸನದ ಹೆಂಗಸೊಬ್ಬರು ಬಂದು ಕೂತರು. ಒಳ್ಳೆಯವರೇ. ತಮ್ಮ ಮೂವರು ಗಂಡುಮಕ್ಕಳ ಕಥೆ ಮುಗಿಸಿ, ಅಮ್ಮನನ್ನು ಕೇಳಿದರು:

‘ನಿಮಗೆ ಮಕ್ಕಳೆಷ್ಟು ಜನ?’

‘ಒಬ್ಳೇ ಮಗಳು. ಇವ್ಳೇ’ ಎಂದಳು ಅಮ್ಮ.

‘ಗಂಡುಮಕ್ಕಳಿಲ್ವಾ?’

‘ಇಲ್ಲ.’

ಅಪ್ಪ ತಲೆಯೆತ್ತದೆ ಇಡ್ಲಿ ಮುರಿಯುತ್ತಿದ್ದರು. ಅವರ ಲೆಕ್ಕದಲ್ಲಿ ಅದು ಸರಿಯಾದ ಉತ್ತರ. ಪೀಠಕ್ಕೆ ಕೊಟ್ಟವನನ್ನು ಮನೆಯ ಮಕ್ಕಳಲ್ಲಿ ಸೇರಿಸುವ ಹಾಗಿಲ್ಲ. ಇಪ್ಪತ್ತೇಳು ವರ್ಷ ಅಮ್ಮ ಇದೇ ಉತ್ತರ ಕೊಟ್ಟಿದ್ದಳು, ನಾನೂ ಕೇಳಿಕೊಂಡು ಸುಮ್ಮನಿದ್ದೆ. ಅವತ್ತು ಮಾತ್ರ ನನಗೆ ಸಿಟ್ಟು ಬಂತು. ತಟ್ಟೆ ಬಿಟ್ಟು ಎದ್ದುಹೋಗಿ ಡೆಕ್ಕನ್ನು ನಾಲ್ಕು ಸುತ್ತು ಹಾಕಿದೆ. ಅಷ್ಟು ತಿಂಗಳಲ್ಲಿ ನನ್ನೊಳಗೆ ಏನಾದರೂ ಅಲ್ಲಾಡಿದ್ದು ಅದೇ ಮೊದಲು. ಆ ದಿನವಿಡೀ ಅಮ್ಮನ ಜೊತೆ ಮಾತು ಬಿಟ್ಟೆ. ಅವಳಿಗೆ ಅದು ಗೊತ್ತಾದ ಹಾಗೂ ಕಾಣಲಿಲ್ಲ.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಅದೇ ಕುರ್ಚಿಗಳು. ಅಪ್ಪ ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದ್ದರು. ನನಗೆ ತಡೆಯಲಾಗಲಿಲ್ಲ.

‘ಯಾಕಮ್ಮ ಹಂಗಂದೆ ನಿನ್ನೆ? ಗಂಡುಮಕ್ಳಿಲ್ಲ ಅಂತ. ಹೆತ್ತಿದ್ದು ಸುಳ್ಳಾ?’

ಅಮ್ಮ ಅಪ್ಪನ ಮುಖದ ಮೇಲಿನ ಟವೆಲ್ಲಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಅವಳೇ, ನಲ್ಲಿಯಲ್ಲಿ ನೀರು ಬಂತು ಎಂದು ಹೇಳುವ ದನಿಯಲ್ಲಿ, ಹೇಳಿದಳು.

‘ಅವತ್ತು ಬೆಳಗ್ಗೆ ಫೋನ್ ಬಂದಿತ್ತು ಕಣೇ. ನೀನಿನ್ನೂ ಎದ್ದಿರ್ಲಿಲ್ಲ, ನಿಮ್ಮಪ್ಪ ಸ್ನಾನಕ್ಕೆ ಹೋಗಿದ್ರು. ನಾನು ಕಸ ಗುಡಿಸ್ತಿದ್ದೆ.’

‘ಯಾರ ಫೋನು?’

‘ಬುದ್ಧಿಯವ್ರದೇ. ಆಸ್ಪತ್ರೆಯಿಂದ. ಯಾರೋ ನರ್ಸಮ್ಮನ ಫೋನಿಂದ ಮಾಡಿದ್ರು. ತಾಯಿ ಅನ್ಲಿಲ್ಲ. ಅಮ್ಮ ಅಂದ್ರು. ಅಮ್ಮ, ನೀನ್ ಬಾರಮ್ಮ, ನಂಗ್ಯಾಕೋ ಭಯ ಆಯ್ತದೆ ಅಂದ್ರು.’

‘ನೀನೇನಂದೆ?’

‘ಸೆರಗು ತಲೆ ಮೇಲೆ ಹೊದ್ಕೊಂಡೆ. ಬುದ್ಧಿ, ಹಂಗೆಲ್ಲ ಅನ್ಬಾರ್ದು, ನಮ್ಗೆ ಪಾಪ ತಟ್ಟುತ್ತೆ ಅಂದೆ. ಪೂಜೆ ಮುಗಿಸ್ಕೊಂಡು, ಹಣ್ಣು ತಗೊಂಡು ದರ್ಶನಕ್ಕೆ ಬತ್ತೀವಿ ಅಂದೆ.’

‘ಆಮೇಲೆ?’

‘ಆಗ್ಲಿ ತಾಯಿ ಅಂದ್ರು. ಇಟ್ಬುಟ್ರು.’

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಅಪ್ಪನ ಪೂಜೆ ಮುಗಿದು, ಕಿತ್ತಳೆ, ಬಾಳೆಹಣ್ಣು ಕೊಂಡು, ತಟ್ಟೆಯಲ್ಲಿ ಜೋಡಿಸಿಕೊಂಡು ನಾವು ಆಸ್ಪತ್ರೆ ಮುಟ್ಟಿದ್ದು ಹತ್ತು ಗಂಟೆಗೆ. ಅಷ್ಟರಲ್ಲಿ ಬಾಯಿಗೆ ಪೈಪು ಹಾಕಿದ್ದರು. ಕಣ್ಣು ಮುಚ್ಚಿತ್ತು. ನಾವು ಭಕ್ತರ ಸಾಲಿನಲ್ಲೇ ಹೋಗಿ, ಮಂಚದ ಕಾಲ ಬಳಿ ಹಣೆ ಹಚ್ಚಿ, ಹಣ್ಣಿನ ತಟ್ಟೆಯನ್ನು ಮಠದವರ ಕೈಗೆ ಕೊಟ್ಟು ಬಂದೆವು. ಅಮ್ಮ ಆಗಲೂ ಏನೂ ಹೇಳಿರಲಿಲ್ಲ. ಶೆಟ್ಟಿಹಳ್ಳಿಯಿಂದ ಆಸ್ಪತ್ರೆಗೆ ಆಟೋದಲ್ಲಿ ಹದಿನೈದು ನಿಮಿಷ ಸಾಕು.

ನಾನು ಅವಳ ಕೈ ಹಿಡಿದುಕೊಂಡೆ. ಎಂದೂ ಹಿಡಿಯುವವಳಲ್ಲ.

‘ಅವ್ನಿಗೆ ಗೊತ್ತಿತ್ತು ಬಿಡಮ್ಮ’ ಎಂದೆ.

‘ಏನ್ ಗೊತ್ತಿತ್ತು?’

ಇಪ್ಪತ್ತು ವರ್ಷದಿಂದ ಮಕ್ಕಳ ಪ್ರಶ್ನೆಗೆ ಉತ್ತರ ಹೇಳಿಕೊಂಡು ಬಂದವಳು ನಾನು. ಅವಳ ಕೈಯ ಬಳೆಗಳನ್ನು ಹಿಂದೆ ಮುಂದೆ ಸರಿಸುತ್ತಾ ಕೂತೆ.

‘ನಾನು ಅವನನ್ನ ಹೆಂಗ್ ಕೂಗ್ತಿದ್ದೆ?’ ಎಂದಳು ಅಮ್ಮ. ಅವನನ್ನ ಎಂದಳು. ‘ಸಂಜೆ ಆಡಕ್ಕೋಗಿ ಬರ್ದೇ ಇದ್ದಾಗ ಕೂಗ್ತಿದ್ನಲ್ಲ. ಮರ್ತೇ ಹೋಗೈತೆ. ನೀನೊಂದ್ಸಲ ಹೇಳು.’

ಹೇಳಿದೆ. ನನ್ನ ಬಾಯಲ್ಲಿ ಅದು ಜಗಳಕ್ಕೆ ಕರೆದ ಹಾಗೆ ಬಂತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಮ್ಮ ತಲೆಯಾಡಿಸಿ ‘ಹಂಗಲ್ಲ ಬುಡು’ ಎಂದಳು. ಎದ್ದು ಕಂಬಿಯ ಹತ್ತಿರ ಹೋದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೀರಿನ ಕಡೆ ಮುಖ ಮಾಡಿ ಅವನ ಹೆಸರು ಹಿಡಿದು ಕೂಗಿದಳು. ಅವಳು ಅಳುತ್ತಿರಲಿಲ್ಲ. ಕತ್ತಲಾಯಿತು ಒಳಗೆ ಬಾ ಎನ್ನುವ ಕೂಗು ಅದು, ಅಂಗಳ ದಾಟಿ ಕೆರೆಯ ಏರಿಯವರೆಗೆ ಕೇಳುವಂಥದ್ದು.

ಸುತ್ತಲಿನ ಕುರ್ಚಿಗಳಲ್ಲಿ ಮಲಗಿದ್ದವರು ತಲೆಯೆತ್ತಿದರು. ನಮ್ಮ ಗುಂಪಿನ ಬೆಂಗಳೂರಿನವರೊಬ್ಬರು ಕಿವಿಯಿಂದ ಇಯರ್‌ಫೋನ್ ತೆಗೆದು, ‘ಯಾರನ್ನ ಕರೀತಿದಾರೆ ಅಮ್ಮಾವ್ರು?’ ಎಂದು ಕೇಳಿದರು. ಅಪ್ಪ ಟವೆಲ್ ತೆಗೆದು ಎದ್ದು ಕೂತಿದ್ದರು. ಅವರು ಎಷ್ಟು ಹೊತ್ತಿನಿಂದ ಎಚ್ಚರವಾಗಿದ್ದರೋ ಗೊತ್ತಿಲ್ಲ. ಈಗ ಅಮ್ಮನನ್ನು ಗದರುತ್ತಾರೆ, ಬುದ್ಧಿಯವರನ್ನು ಹಾಗೆಲ್ಲ ಕೂಗಬಾರದು ಎನ್ನುತ್ತಾರೆ ಎಂದು ನಾನು ಕಾದೆ.

‘ನಮ್ಮ ಮಗನ್ನ’ ಎಂದರು ಅಪ್ಪ.

‘ಪೂಲ್ ಹತ್ರ ಇರ್ತಾರೆ ಬಿಡಿ ಸಾರ್. ಹಸಿವಾದ್ರೆ ಅವ್ರೇ ಬರ್ತಾರೆ.’

‘ಹೂಂ’ ಎಂದರು ಅಪ್ಪ.

ಅಮ್ಮ ಮತ್ತೆ ಕೂಗಿದಳು, ಈ ಸಲ ಇನ್ನೂ ಗಟ್ಟಿಯಾಗಿ.